ಏಳನೇ ದಾನಿ

ಕಳೆದ ತಿಂಗಳು ನಮ್ಮ ಸರ್ ನಿವೃತ್ತರಾದರು. ನವಿ ಮುಂಬಯಿಯಲ್ಲಿ ಅವರ ಕೈಕೆಳಗೆ ಪಿಎಚ್‌ಡಿ ಮಾಡಿದವರೆಲ್ಲ ಸೇರಿ ಪ್ರಯೋಗಾಲಯದ ಸೆಮಿನಾರ್ ಕೋಣೆಯಲ್ಲೇ ಒಂದು ಬೀಳ್ಕೊಡುಗೆ ಇಟ್ಟುಕೊಂಡೆವು. ಶಾಲು ಹೊದೆಸಿದ್ದಾಯಿತು, ಕೇಕು ಕತ್ತರಿಸಿದ್ದಾಯಿತು. ಸರ್ ಮಾತಾಡಲು ಎದ್ದರು. ಮರಾಠಿ, ಇಂಗ್ಲಿಷು ಬೆರೆಸಿ ನಿಧಾನವಾಗಿ ಮಾತಾಡುವವರು ಅವರು. "ಒಳ್ಳೆಯ ತಲೆಗಳು ಬೇಕಾದಷ್ಟು ಬಂದುಹೋದವು. ಆದರೆ ಬ್ಯಾಕ್ಟೀರಿಯಾದ ಮನಸ್ಸು ತಿಳಿದವಳು ಒಬ್ಬಳೇ" ಎಂದರು. ಹೆಸರು ಹೇಳಲಿಲ್ಲ. ಕೂತಿದ್ದವರೆಲ್ಲ ಕತ್ತು ತಿರುಗಿಸಿ ಅವಳನ್ನು ಹುಡುಕಿದರು.

ಅವಳು ಬಂದಿರಲಿಲ್ಲ. ಕಲ್ಯಾಣದ ಆಸ್ಪತ್ರೆಯಲ್ಲಿ ಡ್ಯೂಟಿ ಇದೆ ಎಂದು ಮೆಸೇಜು ಕಳಿಸಿದ್ದಳು. ನಾನು ಬಂದಿದ್ದೆ. ಶಾಲು ಆರಿಸಿದ್ದು ನಾನು, ಕೇಕಿನ ಮೇಲೆ ಏನು ಬರೆಯಬೇಕೆಂದು ಬೇಕರಿಯವನಿಗೆ ಹೇಳಿದ್ದು ನಾನು, ಮೊದಲ ಸಾಲಿನಲ್ಲಿ ಕೂತಿದ್ದವಳೂ ನಾನೇ. ಎಲ್ಲರ ನೋಟ ನನ್ನ ತಲೆಯ ಮೇಲಿಂದ ಹಾದು ಹಿಂದಿನ ಬಾಗಿಲಿಗೆ ಹೋಯಿತು.

ಆಮೇಲೆ ಸರ್ ಪಿನ್ನಿನ ಕತೆ ಹೇಳಿದರು. ಅದು ಅವಳ ಕತೆಯೆಂದೇ ಎಲ್ಲರಿಗೂ ಗೊತ್ತು. ಪಿನ್ನು ನನ್ನದು ಎಂದು ಯಾರಿಗೂ ಗೊತ್ತಿಲ್ಲ.

ನಾವಿಬ್ಬರೂ ಒಂದೇ ವರ್ಷ ಸೇರಿದವರು. ಎರಡು ಸಾವಿರದ ಹತ್ತರ ಆಸುಪಾಸು. ನಮ್ಮದು ಡೊಂಬಿವಲಿ, ಅಪ್ಪ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು, ಮನೆಯಲ್ಲಿ ತುಳು. ಅವಳದು ಕಲ್ಯಾಣದ ಆಚೆಯ ಶಹಾಡ್, ಅವಳ ಅಪ್ಪ ಕಲಬುರಗಿ ಕಡೆಯಿಂದ ಬಂದು ಅಲ್ಲಿನ ಒಂದು ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸಕ್ಕಿದ್ದವರು. ಮೊದಲ ದಿನವೇ ನನ್ನ ಕನ್ನಡ ಕೇಳಿ ಬಳಿಗೆ ಬಂದಳು.

"ಮಂಗಳೂರೇನು?"

"ಅಲ್ಲ, ಕಾರ್ಕಳದ ಕಡೆ."

"ಅಲ್ಲಿ ಸಮುದ್ರ ಅದೇನು?"

"ಇಲ್ಲ."

"ಬಸ್ಸಿಗೆ ಹೋದ್ರ ಸಿಗ್ತದಿಲ್ಲ?"

"ಸಿಗ್ತದೆ."

"ಹಂಗಾರ ಮಂಗಳೂರೇ" ಎಂದು ತೀರ್ಪು ಕೊಟ್ಟು, ನನ್ನ ಡಬ್ಬಿಯಿಂದ ಒಂದು ನೀರುದೋಸೆ ಎತ್ತಿಕೊಂಡಳು. ನಾನು ಒಬ್ಬರ ಡಬ್ಬಿಗೆ ಕೈ ಹಾಕಬೇಕಾದರೆ ಎರಡು ವರ್ಷದ ಪರಿಚಯ ಬೇಕು.

ನಮ್ಮ ಕೆಲಸ ಏನೆಂದು ಹೇಳಬೇಕು. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಇದೆ. ಸೂಕ್ಷ್ಮದರ್ಶಕದಲ್ಲಿ ಮಣಿಸರದ ಹಾಗೆ ಕಾಣುತ್ತದೆ. ಮಕ್ಕಳಿಗೆ ಗಂಟಲುನೋವು ತರುವುದು ಇದೇ. ನಾಲ್ಕು ದಿನ ಗಂಟಲಲ್ಲಿದ್ದು ಹೊರಟುಹೋಗುತ್ತದೆ. ಆದರೆ ಇದೇ ಬ್ಯಾಕ್ಟೀರಿಯಾ ಕೆಲವರಲ್ಲಿ ರಕ್ತಕ್ಕೆ ಇಳಿದು ಜೀವ ತೆಗೆಯುತ್ತದೆ. ಅಲ್ಲಿ ಸಾಧು, ಇಲ್ಲಿ ಕೊಲೆಗಾರ. ಜೀನುಗಳು ಎರಡೂ ಕಡೆ ಅವೇ. ಯಾವ ಜೀನು ಯಾವಾಗ ಎಚ್ಚರವಾಗುತ್ತದೆ, ಯಾವುದು ಮಲಗಿರುತ್ತದೆ ಎಂಬುದರಲ್ಲಿ ವ್ಯತ್ಯಾಸ. ಹೊರಗಿನ ಯಾವ ಸುಳಿವಿನಿಂದ ಅದು ಎಚ್ಚರವಾಗುತ್ತದೆ ಎಂಬುದು ಅವಳ ವಿಷಯ. ಸುಳಿವು ಸಿಕ್ಕ ಮೇಲೆ ಆಯುಧಗಳನ್ನೆಲ್ಲ ಹೊರಗೆ ತೆಗೆಸುವ ಒಂದು ಸ್ವಿಚ್ಚಿನಂಥ ಜೀನು ನನ್ನ ವಿಷಯ. ಆ ಜೀನನ್ನು ಕಿತ್ತುಹಾಕಿದರೆ ಬ್ಯಾಕ್ಟೀರಿಯಾ ಮನುಷ್ಯನ ರಕ್ತದಲ್ಲಿ ಬದುಕಲಾರದು ಎಂದು ನಾನು ತೋರಿಸಬೇಕಿತ್ತು. ಒಂದು ಸಲವಲ್ಲ, ಬೇರೆ ಬೇರೆ ದಿನ ಮೂರು ಸಲ. ಮೂರನೆಯದು ಬರುವವರೆಗೆ ಅದನ್ನು ಫಲಿತಾಂಶ ಅನ್ನುವಂತಿಲ್ಲ ಎಂಬುದು ಸರ್ ಅವರ ಕಟ್ಟುನಿಟ್ಟು. ನನ್ನ ಪಿಎಚ್‌ಡಿ ನಿಂತಿದ್ದದ್ದು ಆ ಮೂರರ ಮೇಲೆ.

ಮನುಷ್ಯನ ರಕ್ತ ಎಂದೆನಲ್ಲ, ಅದನ್ನು ಮನುಷ್ಯರೇ ಕೊಡಬೇಕು. ಅದೂ ಎಲ್ಲರದ್ದೂ ಆಗುವುದಿಲ್ಲ. ನಾವು ಬಳಸುತ್ತಿದ್ದ ತಳಿಯ ಗಂಟಲುನೋವು ಹಿಂದೆ ಯಾವಾಗಲಾದರೂ ಬಂದುಹೋಗಿದ್ದರೆ ರಕ್ತ ಅದನ್ನು ನೆನಪಿಟ್ಟುಕೊಂಡಿರುತ್ತದೆ, ಬ್ಯಾಕ್ಟೀರಿಯಾ ಹಾಕಿದ ಕೂಡಲೇ ಕೊಂದುಬಿಡುತ್ತದೆ. ಜೀನು ಕಿತ್ತದ್ದೂ ಸಾಯುತ್ತದೆ, ಕೀಳದ್ದೂ ಸಾಯುತ್ತದೆ. ಹೋಲಿಸಲು ಏನೂ ಉಳಿಯುವುದಿಲ್ಲ. ನಮ್ಮ ತಳಿ ಮೂಲತಃ ಈ ಕಡೆಯ ಒಂದು ಮಗುವಿನ ಗಂಟಲಿನಿಂದ ಬಂದದ್ದು. ಠಾಣೆ, ಕಲ್ಯಾಣದ ಉದ್ದಕ್ಕೂ ಓಡಾಡಿಕೊಂಡೇ ಇದ್ದದ್ದು. ಹಾಗಾಗಿ ಪ್ರಯೋಗಾಲಯದ ಒಬ್ಬೊಬ್ಬರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಸ್ವಲ್ಪ ಸ್ವಲ್ಪ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿಕೊಂಡೆವು. ನಿಯಮದ ಪ್ರಕಾರ ಯಾರ ಹೆಸರೂ ಎಲ್ಲೂ ಬರುವ ಹಾಗಿಲ್ಲ, ಸಂಖ್ಯೆ ಮಾತ್ರ. ನಾನು ಮೂರನೇ ದಾನಿ. ರಕ್ತದಲ್ಲಿ ಬದುಕುಳಿದ ಬ್ಯಾಕ್ಟೀರಿಯಾ ಒಂದೊಂದೂ ಗಾಜಿನ ತಟ್ಟೆಯಲ್ಲಿ ಒಂದೊಂದು ಚುಕ್ಕೆಯಾಗಿ ಬೆಳೆಯುತ್ತದೆ; ನನ್ನ ತಟ್ಟೆಯಲ್ಲಿ ಮರುದಿನ ಒಂದು ಚುಕ್ಕೆಯೂ ಇರಲಿಲ್ಲ. ಚಿಕ್ಕಂದಿನಲ್ಲಿ, ಆಗ ನಾವಿದ್ದ ಠಾಣೆಯ ವರ್ತಕ ನಗರದ ಎರಡು ಕೋಣೆಯ ಮನೆಯಲ್ಲಿ ಮಳೆಗಾಲವಿಡೀ ಗಂಟಲುನೋವಿನಿಂದ ಮಲಗುತ್ತಿದ್ದೆ. ಅದರ ಫಲ ಇದು. ಸರ್ ಅವರದ್ದೂ ಖಾಲಿ, ಉಳಿದವರದ್ದೂ ಖಾಲಿ.

ಏಳನೇ ದಾನಿಯ ತಟ್ಟೆ ಮಾತ್ರ ಸಾಬೂದಾಣೆ ಚೆಲ್ಲಿದ ಹಾಗೆ ತುಂಬಿಹೋಗಿತ್ತು. ಕೆಂಪು ತಟ್ಟೆಯಲ್ಲಿ ಒಂದೊಂದು ಚುಕ್ಕೆಯ ಸುತ್ತಲೂ ರಕ್ತ ಕರಗಿ ಗಾಜಿನ ಬಳೆಯಂತೆ ತಿಳಿಯಾಗಿತ್ತು. ಅಷ್ಟು ಚೆಂದದ ತಟ್ಟೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಸರ್ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವಳು ಪಕ್ಕದಲ್ಲಿ ನಿಂತು ವಡಾಪಾವ್ ತಿಂದ ಕೈ ಒರೆಸಿಕೊಳ್ಳುತ್ತಿದ್ದಳು.

ಅಂದಿನಿಂದ ನನ್ನ ಪ್ರಯೋಗಕ್ಕೆ ಅವಳ ರಕ್ತ. ಅವಳ ಮಾತು, ಅವಳ ಕೈಚಳಕ, ಅವಳನ್ನು ಕಂಡರೆ ಎಲ್ಲರ ಮುಖ ಅರಳುವುದು, ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಓದಿದರೆ, ದುಡಿದರೆ ಸರಿಗಟ್ಟಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ರಕ್ತವನ್ನು ಹೇಗೆ ಸರಿಗಟ್ಟುವುದು?

ಪ್ರಯೋಗದ ದಿನ ನರ್ಸ್ ಸೂಜಿ ಸಿದ್ಧ ಮಾಡುತ್ತಿದ್ದರೆ, ಅವಳು ಸ್ಟೂಲಿನ ಮೇಲೆ ಕೂತು ತೋಳು ಚಾಚಿ, "ಬಾರೇ ಸೊಳ್ಳಿ, ಹೊತ್ತಾಯ್ತು" ಎಂದು ನನ್ನನ್ನು ಕರೆಯುವಳು. ಸೊಳ್ಳೆ ಎಂಬ ಹೆಸರು ಹಾಗೆ ಬಿತ್ತು. ಕನ್ನಡ ಬಾರದ ಹುಡುಗರೂ ನನ್ನನ್ನು ಸೊಳ್ಳಿ ಎಂದೇ ಕರೆಯತೊಡಗಿದರು. ಟ್ಯೂಬು ತುಂಬಿದ ಮೇಲೆ ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, "ಶಹಾಡಿನ ನೀರು ಇದು, ಹುಷಾರಾಗಿ ಒಯ್ಯಿ" ಅನ್ನುವಳು. ನಾನು "ಥ್ಯಾಂಕ್ಸ್" ಎನ್ನುತ್ತಿದ್ದೆ. ಅದಕ್ಕಿಂತ ಹೆಚ್ಚಿನದು ನನ್ನ ಬಾಯಿಂದ ಹೊರಡುತ್ತಿರಲಿಲ್ಲ.

ಬೆಳಿಗ್ಗೆ ಒಂದೇ ಲೋಕಲಿನಲ್ಲಿ ಹೋಗುತ್ತಿದ್ದೆವು. ಅವಳು ಶಹಾಡಿನಲ್ಲಿ ಹತ್ತಿ ಬರುತ್ತಿದ್ದಳು, ನಾನು ಡೊಂಬಿವಲಿಯಲ್ಲಿ ಹತ್ತುತ್ತಿದ್ದೆ, ಠಾಣೆಯಲ್ಲಿ ಇಳಿದು ನವಿ ಮುಂಬಯಿಯ ಗಾಡಿ ಹಿಡಿಯುತ್ತಿದ್ದೆವು. ಲೇಡೀಸ್ ಡಬ್ಬಿಯಲ್ಲಿ ಕೂತವರನ್ನು ಎಲ್ಲಿ ಇಳಿಯುತ್ತೀರಿ ಎಂದು ಮೊದಲೇ ಕೇಳಿ ಸೀಟು ಹೇಳಿಟ್ಟುಕೊಳ್ಳುವ ಪದ್ಧತಿ. ನಾನು ಹುಟ್ಟಿದಾಗಿನಿಂದ ಈ ಊರಲ್ಲೇ ಇದ್ದರೂ ನನಗೆ ಆ ಪ್ರಶ್ನೆ ಕೇಳಲು ಬಾರದು. ಅವಳು ಡೊಂಬಿವಲಿಯಲ್ಲಿ ಇಳಿಯುವ ಒಬ್ಬರ ಸೀಟನ್ನು ನನಗಾಗಿ ಹೇಳಿಟ್ಟಿರುತ್ತಿದ್ದಳು. ಆ ಡಬ್ಬಿಯ ಅರ್ಧ ಹೆಂಗಸರು ಅವಳಿಗೆ ಗೊತ್ತು. ಯಾರ ಸೊಸೆಗೆ ಏನಾಯಿತು, ಯಾರ ಆಫೀಸಿನಲ್ಲಿ ಯಾರು ಕಾಟ ಕೊಡುತ್ತಾರೆ, ಎಲ್ಲ ಗೊತ್ತು. ನಾನು ಅವಳು ಗಿಟ್ಟಿಸಿಕೊಟ್ಟ ಸೀಟಿನಲ್ಲಿ ಕೂತು ಪ್ರಬಂಧ ಓದುತ್ತಿದ್ದೆ.

ಒಂದು ಸಂಜೆ ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಗರ್ದಿಯಲ್ಲಿ ಒಬ್ಬನ ಮೊಣಕೈ ನನಗೆ ಎರಡು ಸಲ ತಾಗಿತು. ಮೂರನೇ ಸಲಕ್ಕೆ ಮೊದಲು ನಾನು ದುಪಟ್ಟಾದ ಸೇಫ್ಟಿ ಪಿನ್ನು ಕಳಚಿ ಮುಷ್ಟಿಯಲ್ಲಿ ಹಿಡಿದುಕೊಂಡೆ. ಅವನು ಕುಯ್ಯೆಂದು ಸರಿದುಹೋದ. ಕೆಳಗಿಳಿದ ಮೇಲೆ ಪಿನ್ನನ್ನು ಮತ್ತೆ ದುಪಟ್ಟಾಕ್ಕೆ ಹಾಕಿಕೊಂಡೆ. ಜೊತೆಗಿದ್ದ ಅವಳಿಗೂ ನಾನು ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ನೋಡಿರಲಿಕ್ಕಿಲ್ಲ ಎಂದುಕೊಂಡೆ.

ಆ ವಾರದ ಸೆಮಿನಾರಿನಲ್ಲಿ ಹೊರಗಿನಿಂದ ಬಂದ ದೊಡ್ಡವರೊಬ್ಬರು ಅವಳನ್ನು ಕೇಳಿದರು: ಈ ಬ್ಯಾಕ್ಟೀರಿಯಾ ಆಯುಧಗಳನ್ನು ಸದಾ ಹೊರಗೇ ಯಾಕೆ ಇಟ್ಟುಕೊಳ್ಳುವುದಿಲ್ಲ? ಅವಳು ಸ್ಲೈಡು ಬಿಟ್ಟು ಮುಂದೆ ಬಂದಳು. "ಸರ್, ನಮ್ಮಲ್ಲಿ ಪ್ರತಿ ಹುಡುಗಿಯ ದುಪಟ್ಟಾದಲ್ಲಿ ಒಂದು ಪಿನ್ನು ಇರುತ್ತದೆ. ಮನೆಯಲ್ಲಿ ಯಾರೂ ಅದನ್ನು ಬಿಚ್ಚಿ ಹಿಡಿದುಕೊಂಡು ಕೂರುವುದಿಲ್ಲ, ತನಗೇ ಚುಚ್ಚುತ್ತದೆ. ಸೇತುವೆಯ ಮೇಲೆ ಮೊಣಕೈ ತಾಗಿದಾಗ ಕೈ ತಾನಾಗಿ ಪಿನ್ನಿಗೆ ಹೋಗುತ್ತದೆ. ಗರ್ದಿ ದಾಟಿದ ಮೇಲೆ ಪಿನ್ನು ಮತ್ತೆ ದುಪಟ್ಟಾಕ್ಕೆ. ನಾನು ಹುಡುಕುತ್ತಿರುವುದು ಮೊಣಕೈಯನ್ನು. ಅವಳು ಹುಡುಕುತ್ತಿರುವುದು ಕೈಯನ್ನು" ಎಂದು ನನ್ನತ್ತ ಬೆರಳು ತೋರಿಸಿದಳು.

ಆ ದೊಡ್ಡವರು ಮೇಜು ಕುಟ್ಟಿದರು. ಸರ್ ಮುಂದಿನ ವರ್ಷಗಳಲ್ಲಿ ಆ ಉಪಮೆಯನ್ನು ಎಷ್ಟು ಊರುಗಳಲ್ಲಿ ಹೇಳಿದರೋ. ಪಿನ್ನು ನನ್ನದು, ಮೊಣಕೈ ತಾಗಿದ್ದು ನನಗೆ, ಕೈಯೂ ನನ್ನದೇ. ಆದರೆ ಅದರಲ್ಲಿ ನನ್ನ ಬ್ಯಾಕ್ಟೀರಿಯಾ ಇದೆ ಎಂದು ನನಗೆ ಹೊಳೆದಿರಲಿಲ್ಲ. ನಾನು ನಾಚಿಕೆಯೆಂದು ಮುಚ್ಚಿಟ್ಟದ್ದನ್ನು ಅವಳು ವಿಜ್ಞಾನ ಮಾಡಿದಳು.

ಒಂದು ಭಾನುವಾರ ನಮ್ಮ ಮನೆಗೂ ಬಂದಳು, ಕರೆದದ್ದು ಅಮ್ಮ. ತುಳುವಿನಲ್ಲಿ ನಾಲ್ಕು ಮಾತು ಕಲಿತುಕೊಂಡೇ ಬಂದಿದ್ದಳು, ನಾಲ್ಕೂ ಊಟದ ಬಗ್ಗೆ. ಅಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. "ಇನ್ನೊಂದು ಹಾಕಿಸಿಕೊ ಮಾರಾಯ್ತಿ, ನಮ್ಮವಳಿಗೆ ರಕ್ತ ಕೊಡ್ತಿಯಂತಲ್ಲ, ಮೈಯಲ್ಲಿ ಏನಾದರೂ ಉಳೀಬೇಕಲ್ಲ."

"ನಿಮ್ಮ ಮಗಳು ಥೇಟ್ ಸೊಳ್ಳಿ ಆಂಟಿ. ಕುಡಿಯೋದ್ರಾಗ ಮಾತೇ ಆಡಂಗಿಲ್ಲ. ಸೊಳ್ಳಿಯಾದ್ರೂ ಗುಂಯ್ ಅಂತದ."

ಅಮ್ಮ ನನ್ನ ಮುಖ ನೋಡಿ, "ಇವಳು ಹುಟ್ಟುವಾಗಲೂ ಗಟ್ಟಿಯಾಗಿ ಅತ್ತವಳಲ್ಲ" ಎಂದರು. ಇಪ್ಪತ್ತೈದು ವರ್ಷಗಳಲ್ಲಿ ಆ ಮಾತನ್ನು ಅಮ್ಮ ನನಗೆ ಹೇಳಿರಲಿಲ್ಲ. ಅವಳಿಗೆ ಮೊದಲ ಭೇಟಿಯಲ್ಲೇ ಹೇಳಿದರು.

ನನ್ನ ಪ್ರಯೋಗದ ಮೊದಲನೆಯದು ಸರಿ ಬಂತು, ಎರಡನೆಯದೂ ಬಂತು. ಸ್ವಿಚ್ಚು ಕಿತ್ತ ಬ್ಯಾಕ್ಟೀರಿಯಾ ಅವಳ ರಕ್ತದಲ್ಲಿ ಸತ್ತಿತು, ಕೀಳದ್ದು ಬೆಳೆಯಿತು. ಅಷ್ಟರಲ್ಲಿ ನಮ್ಮ ಯಂತ್ರವೊಂದು ಕೆಟ್ಟು ದುರಸ್ತಿಗೆ ಹೋಯಿತು, ಗಣಪತಿ ಹಬ್ಬ ಬಂತು. ಅವಳು ಅವರ ಚಾಳಿನ ವಠಾರದ ಆರತಿಯಲ್ಲಿ ದಿನಾ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಳು. ಹಾಗೆಂದೇ ನಾವೆಲ್ಲ ತಿಳಿದುಕೊಂಡೆವು. ಎರಡು ದಿನ ಜ್ವರದಲ್ಲೇ ಬಂದಳು. ಬಿಸಿನೀರು ಕುಡಿದಳು, ಮರೆತಳು.

ದೀಪಾವಳಿ ಕಳೆದ ಮೇಲೆ ಮೂರನೆಯದನ್ನು ಮಾಡಿದೆ. ಮರುದಿನ ಇನ್ಕ್ಯುಬೇಟರಿನಿಂದ ತಟ್ಟೆಗಳನ್ನು ತೆಗೆದೆ. ಕಿತ್ತದ್ದು ಬೆಳೆದಿರಲಿಲ್ಲ, ಅದು ಸರಿ. ಕೀಳದ್ದೂ ಬೆಳೆದಿರಲಿಲ್ಲ. ತಟ್ಟೆ ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದೆ. ಕೆಂಪು, ನುಣುಪು, ಖಾಲಿ. ನನ್ನ ತಟ್ಟೆಯ ಹಾಗೆ.

ಸರ್ ನೋಡಿದ ಕೂಡಲೇ ಹೇಳಿದರು: ಗಣಪತಿಯಲ್ಲಿ ಅವಳಿಗೆ ಬಂದದ್ದು ಇದೇ ತಳಿಯಿರಬೇಕು, ಈಗ ಅವಳ ರಕ್ತ ಕಲಿತುಬಿಟ್ಟಿದೆ. ಇನ್ನು ಅದು ನನಗೆ ಉಪಯೋಗಕ್ಕಿಲ್ಲ. ಬೇರೆ ದಾನಿ ಸಿಗುವವರೆಗೆ ಕಾಯಬೇಕು. ಸಿಗದಿದ್ದರೆ ವಿಷಯ ಬದಲಿಸಬೇಕು, ಎಂದರೆ ಮೂರು ವರ್ಷದ ಕೆಲಸ ಬಿಟ್ಟು ಮತ್ತೆ ಮೊದಲಿನಿಂದ.

ಅವಳು ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಮುಖದಲ್ಲಿ ನಗು ಹರಡಿತು.

"ನೋಡಲ್ಲೇ ಸೊಳ್ಳಿ, ನಾನೂ ಕೊಲ್ಲಾಕ ಕಲ್ತೆ."

ನಾನು ಉಳಿದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದೆ.

"ನಿನಗ ಹೇಳಿಲ್ಲ. ಮೊದಲ್ನೇ ದಿನ ನಿನ್ನ ಖಾಲಿ ತಟ್ಟಿ ನೋಡಿದ್ನಲ್ಲ, ಅವತ್ತಿಂದ ನನಗ ಹೊಟ್ಟಿಕಿಚ್ಚು. ಎಲ್ಲಾರ ರಕ್ತಕ್ಕೂ ಒಂದು ಕೆಲಸ ಗೊತ್ತದ, ನಂದು ಬರೇ ಊಟಕ್ಕಿಡ್ತದಲ್ಲಾ ಅಂತ. ಈಗ ಸಮಾಧಾನ ಆಯ್ತು ನೋಡು." ಆಮೇಲೆ ನನ್ನ ಮುಖ ಕಂಡಿತೇನೋ, ತಟ್ಟೆ ಕೆಳಗಿಟ್ಟಳು. "ನಿನ್ನ ಮೂರನೇದು ಹೋಯ್ತಲ್ಲ."

"ಹೋಯ್ತು" ಎಂದೆ.

ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಆ ಇಡೀ ಪ್ರಯೋಗಾಲಯದಲ್ಲಿ ನನ್ನದು ಎಂದು ನಾನು ಇಟ್ಟುಕೊಂಡಿದ್ದ ಒಂದೇ ವಸ್ತು ಅದಾಗಿತ್ತು. ಅದನ್ನೂ ಅವಳು ನನಗಿಂತ ಸಲೀಸಾಗಿ ಮಾಡಿ ತೋರಿಸಿದಳು: ಪಟ್ಟಳು, ನಗುತ್ತ ಹೇಳಿದಳು, ಮುಗಿಸಿ ಕೈ ತೊಳೆದುಕೊಂಡಳು. ನನ್ನದು ಒಳಗೇ ಕೂತಿತ್ತು, ಈಗಲೂ ಕೂತಿದೆ.

ದಾನಿಗಳನ್ನು ಹುಡುಕಲು ಹೊರಗಿನವರನ್ನು ಕೇಳಬಹುದು ಎಂದು ಇಂಥ ಪ್ರಯೋಗಗಳಿಗೆ ಅನುಮತಿ ಕೊಡುವ ಸಮಿತಿಯ ಒಪ್ಪಿಗೆ ಸಿಕ್ಕಿತು. ಕೇಳಬೇಕಾದವಳು ನಾನು. ನೋಟಿಸು ಬರೆದು ಕಾರಿಡಾರಿನಲ್ಲಿ ಅಂಟಿಸಿದೆ. ತುಂಬ ಸ್ಪಷ್ಟವಾದ, ತಪ್ಪಿಲ್ಲದ ನೋಟಿಸು. ಅದನ್ನು ಓದಿ ಯಾರೂ ಬರಲಿಲ್ಲ. ಲೋಕಲಿನಲ್ಲಿ ದಿನಾ ಕೇಳಬೇಕೆಂದುಕೊಂಡು ಬಾಯಿ ತೆರೆಯುವಷ್ಟರಲ್ಲಿ ಠಾಣೆ ಬಂದುಬಿಡುತ್ತಿತ್ತು.

ಒಂದು ಬೆಳಿಗ್ಗೆ ದಿವಾ ಸ್ಟೇಷನ್ ದಾಟುತ್ತಿದ್ದಂತೆ ಅವಳು ಸೀಟಿನಿಂದ ಎದ್ದು, ಮೇಲಿನ ಹಿಡಿಕೆ ಹಿಡಿದು, ಹಿಂದಿಯಲ್ಲಿ ಇಡೀ ಡಬ್ಬಿಗೆ ಕೇಳುವಂತೆ ಹೇಳಿದಳು: "ನನ್ನ ರಕ್ತ ಕೆಲಸಕ್ಕೆ ಬರಲಿಲ್ಲ. ನಿಮ್ಮಲ್ಲಿ ಯಾರದ್ದು ಬರುತ್ತದೋ ನೋಡೋಣ."

ಮೊದಲು ನಗು ಎದ್ದಿತು. ಆಮೇಲೆ ಪ್ರಶ್ನೆಗಳು. ಯಾಕೆ ಬರಲಿಲ್ಲ, ಏನು ದೋಷ, ಎಷ್ಟು ತೆಗೆಯುತ್ತಾರೆ, ತಲೆ ಸುತ್ತುತ್ತದಾ. ಅವಳು ನನ್ನ ಭುಜ ಹಿಡಿದು ಮುಂದೆ ತಂದಳು. "ಈ ಹುಡುಗಿ ಪಾಸಾಗಬೇಕು. ಎರಡು ಚಮಚದಷ್ಟು ಸಾಕು. ಇವಳು ಬಾಯಿಬಿಟ್ಟು ಕೇಳುವವಳಲ್ಲ, ಅದಕ್ಕೆ ನಾನು ಕೇಳುತ್ತಿದ್ದೇನೆ." ಕಿಟಕಿಯ ಬಳಿ ಬಟಾಣಿ ಬಿಡಿಸುತ್ತಿದ್ದ ಮರಾಠಿ ಹೆಂಗಸೊಬ್ಬರು, "ಅಗ, ನನ್ನದು ಮೊದಲು ನೋಡು. ನನ್ನ ಗಂಡ ನನಗೆ ರಕ್ತವೇ ಇಲ್ಲ, ಬರೀ ಮೆಣಸಿನಕಾಯಿ ಅನ್ನುತ್ತಾನೆ" ಎಂದರು. ಪಕ್ಕದವರು, "ಹಾಗಾದರೆ ಹುಳ ಗಂಡನ ಹಾಗೆ ಓಡಿಹೋಗುತ್ತದೆ" ಎಂದರು.

ಶನಿವಾರ ಅವರೆಲ್ಲ ಡಬ್ಬಿ ಕಟ್ಟಿಕೊಂಡು, ಒಳ್ಳೆಯ ಸೀರೆಯುಟ್ಟು ಪಿಕ್ನಿಕ್ಕಿಗೆ ಬಂದ ಹಾಗೆ ಬಂದರು. ನಾನು ಒಪ್ಪಿಗೆ ಪತ್ರವನ್ನು ಒಬ್ಬೊಬ್ಬರಿಗೂ ಓದಿ ಹೇಳಿದೆ. ತಟ್ಟೆ ನೋಡುವ ದಿನ ನನಗಿಂತ ಮೊದಲು ಅವರ ಫೋನು ಅವಳಿಗೆ ಬರುತ್ತಿತ್ತು: ನನ್ನದು ಬಂತಾ? ತಮ್ಮ ರಕ್ತ ಕೆಲಸಕ್ಕೆ ಬರದವರು ಬೇಸರಪಟ್ಟುಕೊಂಡರು. ಬಂದದ್ದು ಒಬ್ಬರದ್ದೇ. ಯಾರೆಂದು ಇಲ್ಲೂ ಹೇಳುವ ಹಾಗಿಲ್ಲ. ಅವರ ರಕ್ತದಲ್ಲಿ ನನ್ನ ಮೂರನೆಯದು ಬಂತು. ಸರ್ ಎರಡು ಸಲ ಎಣಿಸಿ ನೋಡಿ, "ಬರೆಯಲು ಶುರುಮಾಡು" ಎಂದರು.

ನನ್ನ ವೈವಾ ದಿನ ಹಿಂದಿನ ಮೂರು ಸಾಲು ಆ ಹೆಂಗಸರೇ ತುಂಬಿದ್ದರು. ಸ್ವಿಚ್ಚು ಕಿತ್ತ ಬ್ಯಾಕ್ಟೀರಿಯಾ ಸತ್ತ ಸ್ಲೈಡು ಬಂದಾಗ ಚಪ್ಪಾಳೆ ತಟ್ಟಿಬಿಟ್ಟರು. ಪರೀಕ್ಷಕರು ಬೆಚ್ಚಿ ತಿರುಗಿ ನೋಡಿದರು. ಬಾಗಿಲ ಬಳಿ ನಿಂತಿದ್ದ ಅವಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನನ್ನ ಪ್ರಬಂಧದಲ್ಲಿ ದಾನಿಗಳಿಗೆ ಕೃತಜ್ಞತೆ ಇದೆ, ಸಂಖ್ಯೆಗಳ ಪ್ರಕಾರ. ಹೊರಡುವಾಗ ಅಮ್ಮ ನನ್ನ ತಲೆ ಸವರಿ, "ಎಂಥ ಹುಡುಗಿ ಮಾರಾಯ್ತಿ ಅವಳು" ಎಂದರು.

ಅವಳದ್ದೂ ಪಿಎಚ್‌ಡಿ ಆಯಿತು, ನನ್ನದಕ್ಕಿಂತ ಮೊದಲೇ. ತನ್ನ ಮೊಣಕೈಯನ್ನು, ಎಂದರೆ ಬ್ಯಾಕ್ಟೀರಿಯಾವನ್ನು ಎಚ್ಚರಿಸುವ ಆ ಸುಳಿವನ್ನು, ಕಂಡುಹಿಡಿದೂ ಬಿಟ್ಟಿದ್ದಳು. ಮುಂದೆ ಅವಳು ಏನೇನು ಮಾಡಬಹುದೆಂದು ನಾವೆಲ್ಲ ಲೆಕ್ಕ ಹಾಕುತ್ತಿದ್ದಾಗ ಅವಳು ಕಲ್ಯಾಣದ ಒಂದು ಆಸ್ಪತ್ರೆಯ ಲ್ಯಾಬಿಗೆ ಸೇರಿದಳು. ಗಂಟಲಿನ ಸ್ವಾಬು, ಮೂತ್ರ, ಕೀವು. ಸರ್ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ನಾನು ಕೇಳಿದೆ, ನಾನಾಗಿ ಅವಳನ್ನು ಕೇಳಿದ ಒಂದೇ ಪ್ರಶ್ನೆ ಅದಿರಬೇಕು: "ಬಿಟ್ಟು ಹೋಗಲು ಬೇಜಾರಾಗುವುದಿಲ್ಲವಾ?"

"ಯಾಕ? ಅಲ್ಲೂ ಇದೇ ಹುಳಾನ ಅದ. ಇಲ್ಲಿ ಫ್ರೀಜರಿಂದ ಬರ್ತದ, ಅಲ್ಲಿ ಅವ್ವನ ಕೈ ಹಿಡ್ಕೊಂಡು ಬರ್ತದ."

ನಾನು ಹಲ್ಲು ಕಚ್ಚಿ ಹಿಡಿದುಕೊಂಡದ್ದನ್ನು ಅವಳು ಠಾಣೆಯಲ್ಲಿ ಸೀಟು ಬಿಟ್ಟು ಇಳಿದ ಹಾಗೆ ಬಿಟ್ಟು ಇಳಿದಳು. ಹಿಂತಿರುಗಿ ನೋಡಲಿಲ್ಲ. ಸೀಟು ನನಗೆ ಸಿಕ್ಕಿತು.

ಈಗ ನಾನು ಕಾಮೋಠೆಯ ಹತ್ತಿರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಸಣ್ಣದೊಂದು ಪ್ರಯೋಗಾಲಯವೂ ಇದೆ. ಅದೇ ಬ್ಯಾಕ್ಟೀರಿಯಾ, ಅದೇ ಪ್ರಯೋಗ. ಸರ್ ಅವರ ಬೀಳ್ಕೊಡುಗೆಯ ಮರುವಾರ ದಾನಿಗಳು ಬೇಕಾದರು. ಸಮಿತಿಯ ಒಪ್ಪಿಗೆ ಬಂದಿತ್ತು, ನೋಟಿಸು ಎಂದಿನಂತೆ ವ್ಯರ್ಥವಾಗಿತ್ತು. ಎಂ.ಎಸ್ಸಿ ತರಗತಿಯ ಮುಂದೆ ನಿಂತೆ. ಒತ್ತಾಯವಿಲ್ಲ, ಅಂಕಗಳಿಗೂ ಇದಕ್ಕೂ ಸಂಬಂಧವಿಲ್ಲ, ಬೇಡವೆನ್ನುವವರು ಬೇಡವೆನ್ನಬಹುದು ಎಂದು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಮಕ್ಕಳು ಮೇಜು ನೋಡುತ್ತ ಕೂತರು. ಆಗ ನನಗೇ ಗೊತ್ತಿಲ್ಲದೆ ಬಾಯಿಂದ ಬಂತು, ಹಿಂದಿಯಲ್ಲಿ, ಅವಳ ರಾಗದಲ್ಲೇ: "ನನ್ನ ರಕ್ತ ಕೆಲಸಕ್ಕೆ ಬರಲಿಲ್ಲ. ನಿಮ್ಮಲ್ಲಿ ಯಾರದ್ದು ಬರುತ್ತದೋ ನೋಡೋಣ."

ನಿಜವಾಗಿ ನೋಡಿದರೆ ಆ ಮಾತು ನನ್ನದು. ಮೊದಲ ದಿನದಿಂದ ಕೆಲಸಕ್ಕೆ ಬಾರದಿದ್ದದ್ದು ನನ್ನ ರಕ್ತ. ಅವಳು ಪಿನ್ನಿನ ಹಾಗೆ ಅದನ್ನೂ ನನಗಿಂತ ಮೊದಲು ಎತ್ತಿಕೊಂಡಿದ್ದಳು.

ಮಕ್ಕಳು ನಕ್ಕರು. ಒಂದು ಕೈ ಎದ್ದಿತು, ಅದರ ಹಿಂದೆ ಇನ್ನೂ ಕೆಲವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿಕೊಂಡೇ ಕೇಳಿದಳು, "ಮ್ಯಾಮ್, ನಿಮ್ಮ ಪಿಎಚ್‌ಡಿಗೆ ಯಾರು ರಕ್ತ ಕೊಟ್ಟಿದ್ದರು?"

"ಹೆಸರು ಹೇಳುವ ಹಾಗಿಲ್ಲ" ಎಂದೆ.

ಆ ನಿಯಮವನ್ನು ಪಾಲಿಸುವುದು ನನಗೆ ಒಂದು ದಿನವೂ ಕಷ್ಟವಾಗಿಲ್ಲ.